ಅಭ್ಯರ್ಥಿ ಅರ್ಧದಲ್ಲೇ ಕೈಬಿಟ್ಟರೆ ಅಮೆರಿಕದ ಪಕ್ಷಗಳು ಏನು ಮಾಡುತ್ತವೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದಾಳೆ. ಅಲ್ಲಿಯ ಪೌರತ್ವ ಸಿಕ್ಕಿ 2024ರಲ್ಲಿ ಮೊದಲ ಸಲ ಅಧ್ಯಕ್ಷರ ಚುನಾವಣೆಗೆ ಅಂಚೆಯಲ್ಲಿ ಮತ ಹಾಕಿದಳು. ಮತಪತ್ರ ಬರುವುದೇ ಎರಡು ವಾರಕ್ಕೂ ಹೆಚ್ಚು ತಡವಾಯಿತಂತೆ, ಯಾಕೆ? ಆ ವರ್ಷ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಬಂದರು. ಉಪಾಧ್ಯಕ್ಷರು ತಾನಾಗಿಯೇ ಅಭ್ಯರ್ಥಿ ಆಗಿಬಿಡುತ್ತಾರೆಯೇ? ಜನ ಅರ್ಧಕ್ಕರ್ಧ ಮತ ಹಾಕಿಯಾದ ಮೇಲೆ ಅಭ್ಯರ್ಥಿ ತೀರಿಕೊಂಡರೆ ಆ ಮತಗಳ ಗತಿ ಏನು? ಅಲ್ಲಿಯ ಪಕ್ಷಗಳಿಗೂ ನಮ್ಮ ಹಾಗೆ ಹೈಕಮಾಂಡ್ ಇದೆಯೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ:

ಮೇಷ್ಟ್ರೇ, ನಾಲ್ಕು ಪ್ರಶ್ನೆಗಳನ್ನು ಒಂದೇ ಲಕೋಟೆಯಲ್ಲಿ ಕಳಿಸಿದ್ದೀರಿ. ಚಿಕ್ಕದನ್ನು ಮೊದಲು ಮುಗಿಸಿಬಿಡುತ್ತೇನೆ. ಉಪಾಧ್ಯಕ್ಷರು ತಾನಾಗಿಯೇ ಅಭ್ಯರ್ಥಿ ಆಗುವುದಿಲ್ಲ. ಅಧ್ಯಕ್ಷರು ಅಧಿಕಾರದಲ್ಲಿದ್ದಾಗ ತೀರಿಕೊಂಡರೆ ಉಪಾಧ್ಯಕ್ಷರು ಆ ಕುರ್ಚಿಗೆ ಬರುತ್ತಾರೆ. ಅದು ಸಂವಿಧಾನ ಹೇಳಿದ್ದು. ಉಮೇದುವಾರಿಕೆ ಹಾಗಲ್ಲ, ಅದು ಪಕ್ಷದ ಮನೆಯೊಳಗಿನ ಸಂಗತಿ. ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಪ್ರಸ್ತಾಪವೇ ಇಲ್ಲ. ಪಕ್ಷಗಳು ತಮ್ಮ ನಿಯಮ ತಾವೇ ಬರೆದುಕೊಂಡಿವೆ. ಬೈಡನ್ ಹಿಂದೆ ಸರಿದ ಮೇಲೂ 2025ರ ಜನವರಿ 20ರವರೆಗೆ ಅಧ್ಯಕ್ಷರಾಗಿಯೇ ಇದ್ದರಲ್ಲ, ಕುರ್ಚಿ ಬೇರೆ, ಉಮೇದುವಾರಿಕೆ ಬೇರೆ ಎಂಬುದಕ್ಕೆ ಅಷ್ಟು ಸಾಕು.

ಇಲ್ಲಿ ‘ಟಿಕೆಟ್’ ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಟಿಕೆಟ್ ಸಿಕ್ಕಿತು ಅಂದರೆ ಬಿ ಫಾರಂ ಕೈಗೆ ಬಂತು ಅಂತ. ಹಿಂದಿನ ದಿನದವರೆಗೂ ಒಬ್ಬರಿಗೆ ಎಂದು ಸುದ್ದಿ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಇನ್ನೊಬ್ಬರ ಕೈಗೆ ಫಾರಂ, ರಾತ್ರಿ ಬಂಡಾಯದ ಸಭೆ. ಇದೆಲ್ಲ ನಮಗೆ ಹೊಸದಲ್ಲ. ಅಮೆರಿಕದಲ್ಲಿ ಟಿಕೆಟ್ ಅಂದರೆ ಜೋಡಿ: ಅಧ್ಯಕ್ಷ ಸ್ಥಾನಕ್ಕೊಬ್ಬರು, ಉಪಾಧ್ಯಕ್ಷ ಸ್ಥಾನಕ್ಕೊಬ್ಬರು, ಮತಪತ್ರದಲ್ಲಿ ಇಬ್ಬರದ್ದೂ ಒಂದೇ ಗುರುತು. ಜೋಡಿಯಲ್ಲಿ ಒಬ್ಬರು ಹೋದರೆ ಉಳಿದವರು ಮೇಲೇರುತ್ತಾರೆ ಎಂದು ಯಾವ ನಿಯಮವೂ ಹೇಳುವುದಿಲ್ಲ.

ಹಾಗಾದರೆ ಯಾರು ಆರಿಸುತ್ತಾರೆ? ಹೀಗೆ ಕೇಳಿದವರನ್ನೆಲ್ಲ ನಾನು ತಿರುಗಿ ಕೇಳುವುದು ಒಂದೇ: ಅಭ್ಯರ್ಥಿ ಯಾವ ತಾರೀಖಿಗೆ ಕೈಬಿಟ್ಟರು? ಮಾತುಕತೆಯಲ್ಲೇ ಸಂಬಂಧ ಮುರಿದರೆ ಒಂದು ಕಥೆ, ನಿಶ್ಚಿತಾರ್ಥ ಆದ ಮೇಲೆ ಇನ್ನೊಂದು, ಲಗ್ನಪತ್ರಿಕೆ ಅಚ್ಚಾಗಿ ನೆಂಟರಿಷ್ಟರಿಗೆಲ್ಲ ಹಂಚಿಯಾದ ಮೇಲೆ ಮತ್ತೊಂದು. ಹೊಸ ವರನನ್ನು ಒಂದೇ ಮಧ್ಯಾಹ್ನದಲ್ಲಿ ಹುಡುಕಿದರೂ ಹುಡುಕಿಯಾರು. ಹಂಚಿದ ಪತ್ರಿಕೆಯನ್ನು ಮನೆಮನೆಯಿಂದ ವಾಪಸು ತರುವುದು ಯಾರ ಕೈಲೂ ಆಗದ ಕೆಲಸ. ಅಮೆರಿಕದ ಪಕ್ಷಗಳ ತೊಂದರೆಯೂ ಇದೇ. ಹೆಸರು ಆರಿಸುವುದು ಅವರ ಕೈಯಲ್ಲಿದೆ. ಮತಪತ್ರ ಅಚ್ಚು ಹಾಕಿಸುವುದು ರಾಜ್ಯಗಳ ಕೈಯಲ್ಲಿದೆ, ಐವತ್ತು ರಾಜ್ಯಗಳಿಗೂ ಅದರದರ ಗಡುವು, ಅದರದರ ಕಾಯಿದೆ.

ಬೈಡನ್ ಅವರದು ಮಾತುಕತೆಯ ಹಂತ. 2024ರ ಜುಲೈ 21, ಭಾನುವಾರ. ನಮ್ಮಲ್ಲಿ ರಾತ್ರಿ ಹನ್ನೊಂದೂಕಾಲು. ಮಲಗುವ ಮುಂಚೆ ಒಮ್ಮೆ ಫೋನ್ ನೋಡಿದವರ ನಿದ್ದೆ ಹೋಯಿತು. ಕೋವಿಡ್ ಆಗಿ ಡೆಲವೇರ್‌ನ ರೆಹೋಬತ್ ಬೀಚ್ ಮನೆಯಲ್ಲಿ ಉಳಿದಿದ್ದ ಅಧ್ಯಕ್ಷರು ಎಕ್ಸ್‌ನಲ್ಲಿ ಒಂದು ಪತ್ರ ಹಾಕಿದ್ದರು. ಪತ್ರದಲ್ಲಿ ಹ್ಯಾರಿಸ್ ಅವರಿಗೆ ಕೃತಜ್ಞತೆ ಇತ್ತು, ನನ್ನ ಜಾಗಕ್ಕೆ ಇವರು ಎಂಬ ಮಾತು ಇರಲಿಲ್ಲ. ಸುಮಾರು ಅರ್ಧ ಗಂಟೆ ಕಳೆದು ಇನ್ನೊಂದು ಪೋಸ್ಟ್ ಬಂತು, ಬೆಂಬಲದ ಮಾತು ಇದ್ದದ್ದು ಅದರಲ್ಲಿ. ಆ ಅರ್ಧ ಗಂಟೆ ಡೆಮಾಕ್ರಟಿಕ್ ಪಕ್ಷದ ಮುಂದೆ ಯಾರ ಹೆಸರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಎರಡನೇ ಪೋಸ್ಟ್ ಬಂದ ಮೇಲೂ ಪಕ್ಷಕ್ಕೆ ಅಧಿಕೃತ ಅಭ್ಯರ್ಥಿ ಇರಲಿಲ್ಲ, ಯಾಕೆಂದರೆ ಬೈಡನ್ ಕೂಡ ಇನ್ನೂ ಅಧಿಕೃತ ಅಭ್ಯರ್ಥಿ ಆಗಿರಲಿಲ್ಲ. ಪತ್ರಿಕೆಗಳು ‘ಅಭ್ಯರ್ಥಿ ಬದಲಾವಣೆ’ ಎಂದು ಬರೆದವು. ನಿಯಮದ ಕಣ್ಣಿನಲ್ಲಿ ಬದಲಾಯಿಸಲು ಏನೂ ಇರಲಿಲ್ಲ, ಮೊದಲ ಸಲ ಆರಿಸುವುದೇ ಬಾಕಿ ಇತ್ತು.

ಅಧಿಕೃತವಾಗುವುದು ಪಕ್ಷದ ಸಮಾವೇಶದಲ್ಲಿ. ವರ್ಷದ ಮೊದಲ ಅರ್ಧದಲ್ಲಿ ರಾಜ್ಯಗಳಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಚುನಾವಣೆ, ನಡೆಯುತ್ತದೆ. ಅಲ್ಲಿ ಜನ ಹಾಕಿದ ಮತದ ಲೆಕ್ಕದಲ್ಲಿ ಒಬ್ಬೊಬ್ಬ ಆಕಾಂಕ್ಷಿಗೂ ಇಂತಿಷ್ಟು ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು, ಸಿಗುತ್ತಾರೆ. 2024ರಲ್ಲಿ ಸುಮಾರು 1 ಕೋಟಿ 40 ಲಕ್ಷ ಜನ ಬೈಡನ್‌ಗೆ ಮತ ಹಾಕಿದ್ದರು. ಹೀಗೆ ಬಂದ ಪ್ರತಿನಿಧಿಗಳು 3,900ರಷ್ಟು. ಬೈಡನ್ ಹಿಂದೆ ಸರಿದ ಕ್ಷಣ ಈ ಅಷ್ಟೂ ಜನ ಯಜಮಾನನಿಲ್ಲದ ಮನೆಯವರಾದರು. ಈ ಪ್ರತಿನಿಧಿಗಳನ್ನು ಬೈಡನ್ ಯಾರಿಗೂ ಬರೆದುಕೊಡಲು ಬರುವುದಿಲ್ಲ, ಇಂಥವರಿಗೆ ಹಾಕಿ ಎಂದು ಕೇಳಿಕೊಳ್ಳಬಹುದು ಅಷ್ಟೇ.

ಈ ಪ್ರತಿನಿಧಿಗಳ ಕೈಕಾಲು ಎಷ್ಟು ಕಟ್ಟಬೇಕು ಎಂಬುದೇ ಆ ಪಕ್ಷದಲ್ಲಿ ಹಳೆಯ ಜಗಳ. 1980ರಲ್ಲಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಅವರದೇ ಪಕ್ಷದ ಸೆನೆಟರ್ ಟೆಡ್ ಕೆನಡಿ ಸವಾಲು ಹಾಕಿದರು. ಪ್ರೈಮರಿಯಲ್ಲಿ ಸೋತರೂ, ಪ್ರತಿನಿಧಿಗಳನ್ನು ಬಿಟ್ಟುಬಿಡಿ, ಮನಸ್ಸಿಗೆ ಬಂದವರಿಗೆ ಮತ ಹಾಕಲಿ ಎಂದು ಸಮಾವೇಶದಲ್ಲಿ ಪಟ್ಟು ಹಿಡಿದರು, ಅಲ್ಲೂ ಸೋತರು. ಆಮೇಲೆ ನಿಯಮ ಸಡಿಲವಾಯಿತು. ಈಗಿರುವುದು ‘ತಮ್ಮನ್ನು ಆರಿಸಿದವರ ಅಭಿಪ್ರಾಯವನ್ನು ಆತ್ಮಸಾಕ್ಷಿಗೆ ಅನುಗುಣವಾಗಿ ಬಿಂಬಿಸಬೇಕು’ ಎಂಬ ಅರ್ಥದ ಒಂದು ಸಾಲು. ವಕೀಲರಿಗೆ ಹಬ್ಬ ಮಾಡುವಂಥ ಸಾಲು. 2024ರ ಜುಲೈನ ಮೊದಲ ಮೂರು ವಾರ, ಹಿಂದೆ ಸರಿಯಲಾರೆ ಎಂದು ಬೈಡನ್ ಇನ್ನೂ ಪಟ್ಟು ಹಿಡಿದು ಕೂತಿದ್ದಾಗ, ಆತ್ಮಸಾಕ್ಷಿ ಎಂದರೆ ಎಷ್ಟು ಎಂದು ಟೀವಿಗಳಲ್ಲಿ ಚರ್ಚೆಯೋ ಚರ್ಚೆ. ಕೊನೆಗೆ ಅವರೇ ಎದ್ದು ಹೋದದ್ದರಿಂದ ಆ ಸಾಲಿನ ಪರೀಕ್ಷೆ ಆಗಲೇ ಇಲ್ಲ.

ಹಾಗಾದರೆ ಹ್ಯಾರಿಸ್ ಇಷ್ಟು ಸಲೀಸಾಗಿ ಬಂದದ್ದು ಹೇಗೆ? ಒಂದು ಕಾರಣ ದುಡ್ಡು. ಪ್ರಚಾರ ಸಮಿತಿ ಚುನಾವಣಾ ಆಯೋಗದಲ್ಲಿ ನೋಂದಣಿಯಾಗಿದ್ದು ಬೈಡನ್, ಹ್ಯಾರಿಸ್ ಇಬ್ಬರ ಹೆಸರಿನಲ್ಲಿ. ಜೂನ್ ಕೊನೆಗೆ ಅದರ ಖಾತೆಯಲ್ಲಿ 9.6 ಕೋಟಿ ಡಾಲರ್‌ನಷ್ಟು ಇತ್ತು. ಬೈಡನ್ ಹೋದ ದಿನವೇ ಸಮಿತಿಯ ಹೆಸರು ಹ್ಯಾರಿಸ್ ಹೆಸರಿಗೆ ಬದಲಾಯಿತು, ದುಡ್ಡು ಖಾತೆಯಲ್ಲೇ ಉಳಿಯಿತು. ಬೇರೆ ಯಾವ ಗವರ್ನರೋ ಸೆನೆಟರೋ ಬಂದಿದ್ದರೆ ಆ ಗಂಟು ಅವರಿಗೆ ನೇರವಾಗಿ ದಕ್ಕುತ್ತಿರಲಿಲ್ಲ. ಟ್ರಂಪ್ ಕಡೆಯವರು ಆಯೋಗಕ್ಕೆ ದೂರು ಕೊಟ್ಟರು, ಚುನಾವಣೆಯೊಳಗೆ ಅದರಿಂದ ಏನೂ ಆಗಲಿಲ್ಲ. ಇನ್ನೊಂದು ಕಾರಣ ಸಹಿಗಳು. ಕಣಕ್ಕಿಳಿಯಬೇಕಾದರೆ ಕನಿಷ್ಠ 300 ಪ್ರತಿನಿಧಿಗಳ ಸಹಿ ಬೇಕು, ಒಂದೇ ರಾಜ್ಯದಿಂದ 50ಕ್ಕಿಂತ ಹೆಚ್ಚು ಸಲ್ಲದು ಎಂದು ಪಕ್ಷ ಗೆರೆ ಎಳೆಯಿತು. ಮರುದಿನ ರಾತ್ರಿಯೊಳಗೆ ಗೆಲ್ಲಲು ಬೇಕಾದಷ್ಟು ಪ್ರತಿನಿಧಿಗಳು ಹ್ಯಾರಿಸ್ ಪರ ಎಂದು ಹೇಳಿಯಾಗಿತ್ತು. ಎದುರಿಗೆ ಯಾರೂ ನಿಲ್ಲಲಿಲ್ಲ.

ಸಮಾವೇಶ ಶಿಕಾಗೋದಲ್ಲಿ ಆಗಸ್ಟ್ 19ಕ್ಕೆ ಶುರುವಾಗುವುದಿತ್ತು. ಆದರೆ ಪ್ರತಿನಿಧಿಗಳ ಮತ ಆಗಸ್ಟ್ 1ರಿಂದ 5ರವರೆಗೆ ಆನ್‌ಲೈನ್‌ನಲ್ಲೇ ಮುಗಿದುಹೋಯಿತು, 99 ಪ್ರತಿಶತ ಹ್ಯಾರಿಸ್‌ಗೆ. ಈ ಅವಸರಕ್ಕೆ ಓಹಾಯೋ ಕಾರಣ. ಆ ರಾಜ್ಯದಲ್ಲಿ ಅಭ್ಯರ್ಥಿಯ ಹೆಸರು ಕೊಡಲು ಕೊನೆಯ ದಿನ ಆಗಸ್ಟ್ 7. ಅಲ್ಲಿಯ ಶಾಸಕಾಂಗ ಆ ಸಲಕ್ಕೆ ಗಡುವು ಸಡಿಲಿಸಿತ್ತು. ಆದರೂ ಡೆಮಾಕ್ರಟರಿಗೆ ನಂಬಿಕೆ ಸಾಲಲಿಲ್ಲ, ಯಾರೋ ಕೋರ್ಟಿಗೆ ಹೋದರೆ ಕಷ್ಟ ಎಂದು ಮುಂಚೆಯೇ ಮುಗಿಸಿಕೊಂಡರು. ಶಿಕಾಗೋದಲ್ಲಿ ಆದದ್ದು ಸಂಭ್ರಮದ ರೋಲ್ ಕಾಲ್, ಅಂದರೆ ರಾಜ್ಯಗಳ ಹೆಸರು ಕೂಗಿ ಮತ ಹೇಳಿಸುವ ಶಾಸ್ತ್ರ, ಡಿಜೆ ಹಾಕಿ ರಾಜ್ಯಕ್ಕೊಂದು ಹಾಡು. ತಾಳಿ ಕಟ್ಟಿಯಾಗಿತ್ತು, ಅದು ಆರತಕ್ಷತೆ. ಆ ಪಕ್ಷದ ಸಂಸತ್ ಸದಸ್ಯರೆಲ್ಲ ತಾವಾಗಿಯೇ ಸಮಾವೇಶದ ಪ್ರತಿನಿಧಿಗಳಾಗುತ್ತಾರೆ, ನಮ್ಮ ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಗೆದ್ದ ಶ್ರೀ ಥಾಣೇದಾರ್ ಅವರೂ ಆಗ ಆ ಲೆಕ್ಕದಲ್ಲಿದ್ದರು. ಆದರೆ 2018ರ ತಿದ್ದುಪಡಿಯ ಪ್ರಕಾರ ಇಂಥವರು ಪೈಪೋಟಿ ಇರುವ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ.

ಇನ್ನು ನಿಶ್ಚಿತಾರ್ಥದ ನಂತರದ ಹಂತ. ಸಮಾವೇಶ ಮುಗಿದಿದೆ, ಪ್ರತಿನಿಧಿಗಳು ಊರಿಗೆ ಹೋಗಿದ್ದಾರೆ, ಅಭ್ಯರ್ಥಿ ಕೈಬಿಟ್ಟರು. ನಿಮ್ಮ ಹೈಕಮಾಂಡ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡೂ ಪಕ್ಷಗಳಲ್ಲಿ ರಾಷ್ಟ್ರೀಯ ಸಮಿತಿ ಎಂಬುದು ಇದೆ. ಹೆಸರು ಕೇಳಿದರೆ ದಿಲ್ಲಿಯ ಹೈಕಮಾಂಡ್ ನೆನಪಾಗುತ್ತದೆ. ಆದರೆ ಮಾಮೂಲಿ ದಿನಗಳಲ್ಲಿ ಅದಕ್ಕೆ ಅಂಥ ಹಲ್ಲಿಲ್ಲ. ದುಡ್ಡು ಎತ್ತುವುದು, ಸಮಾವೇಶದ ವ್ಯವಸ್ಥೆ ಮಾಡುವುದು, ಇಷ್ಟೇ ಕೆಲಸ. ಒಬ್ಬ ಶಾಸಕನಿಗೆ ಟಿಕೆಟ್ ತಪ್ಪಿಸುವ ಅಧಿಕಾರವೂ ಇಲ್ಲ, ಅದು ಪ್ರೈಮರಿಯಲ್ಲಿ ಮತ ಹಾಕುವ ಜನರ ಕೈಯಲ್ಲಿದೆ. ಅಧ್ಯಕ್ಷ ಅಭ್ಯರ್ಥಿಯ ಸ್ಥಾನ ಖಾಲಿ ಬಿದ್ದ ದಿನ ಮಾತ್ರ ಈ ಸಮಿತಿ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ.

ರಿಪಬ್ಲಿಕನ್ನರ ನಿಯಮಾವಳಿಯ 9ನೇ ನಿಯಮ ಇದನ್ನು ಹೇಳುತ್ತದೆ. ಮರಣ, ನಿರಾಕರಣೆ ‘ಅಥವಾ ಬೇರೆ ಕಾರಣ’ದಿಂದ ಸ್ಥಾನ ಖಾಲಿಯಾದರೆ ಸಮಿತಿಯೇ ತುಂಬಬಹುದು, ಇಲ್ಲವೇ ಸಮಾವೇಶವನ್ನು ಮತ್ತೆ ಕರೆಯಬಹುದು. ಸಮಿತಿಯಲ್ಲಿ ಇರುವುದು 168 ಜನ, ರಾಜ್ಯ ಮತ್ತು ಪ್ರಾಂತ್ಯಕ್ಕೆ ಮೂರರಂತೆ. ಮತದ ತೂಕ ಮಾತ್ರ ಸಮಾವೇಶದ್ದೇ. 2024ರಲ್ಲಿ ಕ್ಯಾಲಿಫೋರ್ನಿಯಾಕ್ಕೆ 169 ಪ್ರತಿನಿಧಿಗಳಿದ್ದರು. ಹಾಗೇನಾದರೂ ಆಗಿದ್ದರೆ ಆ ಮೂವರೇ 169 ಮತ ಹಾಕಬೇಕಿತ್ತು. ಡೆಮಾಕ್ರಟರಲ್ಲಿ ಸಮಿತಿ 450ರ ಆಸುಪಾಸು. ಪಕ್ಷದ ಅಧ್ಯಕ್ಷರು ಸಂಸತ್ತಿನ ನಾಯಕರ ಜೊತೆ, ತಮ್ಮ ಗವರ್ನರ್‌ಗಳ ಸಂಘದ ಜೊತೆ ಸಮಾಲೋಚಿಸಿ ಸಮಿತಿಗೆ ವರದಿ ಕೊಡಬೇಕು, ಸಮಿತಿ ಸ್ಥಾನ ತುಂಬುತ್ತದೆ.

ಆ ‘ಬೇರೆ ಕಾರಣ’ ಎಂಬುದು 2016ರ ಅಕ್ಟೋಬರ್‌ನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹೆಂಗಸರ ಬಗ್ಗೆ ಟ್ರಂಪ್ ಆಡಿದ ಮಾತಿನ ಹಳೆಯ ಟೇಪು ಅಕ್ಟೋಬರ್ 7ಕ್ಕೆ ಹೊರಬಿತ್ತು. ಪಕ್ಷದ ಎಷ್ಟೋ ನಾಯಕರು ಅವರು ಇಳಿಯಲಿ ಎಂದರು. ‘ಬೇರೆ ಕಾರಣ’ ಎಂದು ಹೇಳಿ ಸಮಿತಿಯೇ ಅವರನ್ನು ಇಳಿಸಬಹುದೇ? ನಿಯಮ ಬಲ್ಲವರು ಹೇಳಿದ್ದು ಆಗದು ಎಂದೇ. ಖಾಲಿ ಕುರ್ಚಿಗೆ ಜನರನ್ನು ಕೂರಿಸುವ ನಿಯಮ ಅದು, ಕೂತವರನ್ನು ಎಬ್ಬಿಸುವ ನಿಯಮ ಅಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ. ಹಲವು ರಾಜ್ಯಗಳಲ್ಲಿ ಆಗಲೇ ಮುಂಗಡ ಮತದಾನ ಶುರುವಾಗಿತ್ತು ಎಂಬುದು ಬೇರೆ ಮಾತು. ತಮಾಷೆಯೆಂದರೆ ಅದಕ್ಕೆ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 11ರಂದು, ನ್ಯುಮೋನಿಯಾದಿಂದ ಬಳಲುತ್ತಿದ್ದ ಹಿಲರಿ ಕ್ಲಿಂಟನ್ ನ್ಯೂಯಾರ್ಕಿನಲ್ಲಿ ಕಾರು ಹತ್ತುವಾಗ ಕುಸಿದಿದ್ದರು. ಆಗ ಜನ ತಿರುವಿ ಹಾಕಿದ್ದು ಡೆಮಾಕ್ರಟರ ನಿಯಮ ಪುಸ್ತಕ. ಒಂದೇ ಶರತ್ಕಾಲದಲ್ಲಿ ಎರಡೂ ಪಕ್ಷದ ಪುಸ್ತಕಗಳ ಧೂಳು ಹೋಯಿತು.

ಈ ನಿಯಮಗಳು ನಿಜವಾಗಿ ಕೆಲಸಕ್ಕೆ ಬಂದದ್ದನ್ನು ನೋಡಬೇಕಾದರೆ 1972ಕ್ಕೆ ಹೋಗಬೇಕು. ದೊಡ್ಡ ಪಕ್ಷದ ಅಧ್ಯಕ್ಷ ಅಭ್ಯರ್ಥಿಯೇ ಸಮಾವೇಶದ ನಂತರ ಬದಲಾದದ್ದು ಇಂದಿನವರೆಗೆ ಇಲ್ಲ. 1972ರಲ್ಲಿ ಬದಲಾದದ್ದು ಉಪಾಧ್ಯಕ್ಷ ಅಭ್ಯರ್ಥಿ. ಆದರೆ ಪಾಠ ಪೂರ್ತಿ ಅದರಲ್ಲೇ ಇದೆ.

ಜುಲೈ ತಿಂಗಳು, ಮಯಾಮಿ ಬೀಚ್. ಡೆಮಾಕ್ರಟರು ಜಾರ್ಜ್ ಮೆಕ್‌ಗವರ್ನ್ ಅವರನ್ನು ಅಭ್ಯರ್ಥಿಯಾಗಿ ಆರಿಸಿದರು. ಉಪಾಧ್ಯಕ್ಷ ಸ್ಥಾನಕ್ಕೆ ಯಾರು ಎಂದು ಯೋಚಿಸಲು ಅವರ ಕಡೆಯವರಿಗೆ ಸಿಕ್ಕಿದ್ದು ಒಂದು ದಿನವೂ ಇಲ್ಲ. ಕೇಳಿದವರೆಲ್ಲ ಒಲ್ಲೆ ಎನ್ನುತ್ತ ಹೋಗಿ, ಗಡುವಿನ ಹೊತ್ತಿಗೆ ಮಿಸ್ಸೂರಿಯ ಯುವ ಸೆನೆಟರ್ ಥಾಮಸ್ ಈಗಲ್‌ಟನ್‌ಗೆ ಫೋನ್ ಹೋಯಿತು. ಹಳೆಯದೇನಾದರೂ ತೊಂದರೆ ಇದೆಯೇ, ಮುಂದೆ ಹೊರಬಂದು ನಮ್ಮನ್ನು ಮುಜುಗರಕ್ಕೆ ಸಿಕ್ಕಿಸುವಂಥದ್ದು? ಇಲ್ಲ ಎಂದರು. ಮಾತು ಮುಗಿದದ್ದು ಕೆಲವೇ ನಿಮಿಷದಲ್ಲಿ. ಹೆಣ್ಣು ಕೊಡುವಾಗಲೂ ನಾವು ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತೇವೆ. ಅಂದು ರಾತ್ರಿ ಸಮಾವೇಶ ಎಳೆದೂ ಎಳೆದೂ, ಉಪಾಧ್ಯಕ್ಷ ಸ್ಥಾನದ ಮತದಲ್ಲಿ ಪ್ರತಿನಿಧಿಗಳು ತಮಾಷೆಗೆ ಮಾವೋ ಹೆಸರನ್ನೂ ಕೂಗಿ, ಮೆಕ್‌ಗವರ್ನ್ ಭಾಷಣಕ್ಕೆ ನಿಂತಾಗ ಬೆಳಗಿನ ಜಾವ ಮೂರು ಗಂಟೆಗೆ ಹತ್ತಿರ. ದೇಶ ಮಲಗಿತ್ತು.

ಎರಡು ವಾರ ಕಳೆಯುವುದರೊಳಗೆ ಹೊರಬಂತು. ಈಗಲ್‌ಟನ್ ಅರವತ್ತರ ದಶಕದಲ್ಲಿ ಮೂರು ಸಲ ಖಿನ್ನತೆಗೆ ಆಸ್ಪತ್ರೆ ಸೇರಿದ್ದರು, ವಿದ್ಯುತ್ ಆಘಾತದ ಚಿಕಿತ್ಸೆಯೂ ಆಗಿತ್ತು. ಜುಲೈ 25ರಂದು ಸೌತ್ ಡಕೋಟದ ಬೆಟ್ಟಗಳ ನಡುವಿನ ವಿಹಾರಧಾಮದಲ್ಲಿ ಇಬ್ಬರೂ ಪತ್ರಕರ್ತರ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡರು. ನಾನು ‘ಸಾವಿರ ಪರ್ಸೆಂಟ್’ ಈಗಲ್‌ಟನ್ ಪರ ಎಂದರು ಮೆಕ್‌ಗವರ್ನ್. ಆ ಸಾವಿರ ಪರ್ಸೆಂಟ್ ಒಂದು ವಾರವೂ ಬಾಳಲಿಲ್ಲ. ಜುಲೈ 31ಕ್ಕೆ ಈಗಲ್‌ಟನ್ ಹಿಂದೆ ಸರಿದರು, ಅಭ್ಯರ್ಥಿಯಾಗಿ ಹದಿನೆಂಟನೇ ದಿನ. ಇವತ್ತಿನ ತಿಳಿವಳಿಕೆಯಲ್ಲಿ ನೋಡಿದರೆ ಅವರಿಗೆ ಅನ್ಯಾಯವಾಯಿತು ಎಂದೇ ನನ್ನ ಅಭಿಪ್ರಾಯ. ಚಿಕಿತ್ಸೆ ಪಡೆದು ಗುಣವಾಗಿ ಸೆನೆಟಿಗೆ ಗೆದ್ದು ಬಂದಿದ್ದ ಮನುಷ್ಯ, ಮುಂದೆಯೂ ಎರಡು ಸಲ ಗೆದ್ದರು. ಮುಚ್ಚಿಟ್ಟದ್ದು ಮಾತ್ರ ತಪ್ಪು.

ಆಮೇಲೆ ಹುಡುಕಾಟ. ಟೆಡ್ ಕೆನಡಿ, ಹಂಫ್ರಿ, ಮಸ್ಕಿ ಎಲ್ಲರೂ ಒಲ್ಲೆ ಎಂದರು. ಕೊನೆಗೆ ಒಪ್ಪಿದವರು ಸಾರ್ಜೆಂಟ್ ಶ್ರೈವರ್, ಕೆನಡಿ ಮನೆಯ ಅಳಿಯ, ಪೀಸ್ ಕೋರ್‌ನ ಮೊದಲ ನಿರ್ದೇಶಕರು. ಆ ಪೀಸ್ ಕೋರ್ ಸ್ವಯಂಸೇವಕರು ಅರವತ್ತರ ದಶಕದಲ್ಲಿ ಭಾರತಕ್ಕೂ ಬಂದು ಹಳ್ಳಿಗಳಲ್ಲಿ ಕೆಲಸ ಮಾಡಿದ್ದು ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು. ಆಗಸ್ಟ್ 8ರಂದು ರಾಷ್ಟ್ರೀಯ ಸಮಿತಿ ವಾಷಿಂಗ್ಟನ್‌ನಲ್ಲಿ ಸೇರಿ, ಸಮಾವೇಶದ ತೂಕದಲ್ಲೇ ರಾಜ್ಯವಾರು ಮತ ಹಾಕಿತು. ಶ್ರೈವರ್‌ಗೆ 2,936. ಮಿಸ್ಸೂರಿಯ ಸರದಿ ಬಂದಾಗ ಆ ರಾಜ್ಯ ತನ್ನ 73 ಮತಗಳನ್ನೂ ಈಗಲ್‌ಟನ್‌ಗೇ ಹಾಕಿತು. ಬಿಟ್ಟುಹೋದವನಿಗೆ ತವರಿನವರು ತೋರಿದ ಮರ್ಯಾದೆ ಅದು. ಈ ಇಡೀ ಕಥೆಯಲ್ಲಿ ನನಗೆ ಇಷ್ಟವಾಗುವ ಗಳಿಗೆ ಅದೊಂದೇ. ನವೆಂಬರ್‌ನಲ್ಲಿ ಮೆಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರು.

ಗಮನಿಸಿ, ಪಕ್ಷಕ್ಕೆ ಹೊಸ ಹೆಸರು ಅಧಿಕೃತವಾಗಲು ಹಿಡಿದದ್ದು ಎಂಟೇ ದಿನ. ಆಗಸ್ಟ್ ಮೊದಲ ವಾರ ಆದ್ದರಿಂದ ಮತಪತ್ರಗಳ ಗೋಳು ಇರಲಿಲ್ಲ. ಅದೇ ಸೆಪ್ಟೆಂಬರ್ ಆಗಿದ್ದರೆ? ಇಲ್ಲಿ ನಿಮ್ಮ ಮಗಳ ಲಕೋಟೆ ಬರುತ್ತದೆ.

ಸೈನಿಕರಿಗೆ, ವಿದೇಶದಲ್ಲಿರುವ ಮತದಾರರಿಗೆ ಚುನಾವಣೆಗೆ 45 ದಿನ ಮುಂಚೆ ಮತಪತ್ರ ಕಳಿಸಲೇಬೇಕೆಂದು ಅಮೆರಿಕದ ಒಕ್ಕೂಟ ಕಾಯಿದೆ ಹೇಳುತ್ತದೆ. ನಾರ್ತ್ ಕ್ಯಾರೊಲೈನಾ ಅದಕ್ಕಿಂತಲೂ ಬೇಗ ಕಳಿಸುವ ರಾಜ್ಯ. 2024ರಲ್ಲಿ ಸೆಪ್ಟೆಂಬರ್ 6ಕ್ಕೆ ಶುರುವಾಗಬೇಕಿತ್ತು. ಆಗಸ್ಟ್ 23ರಂದು ಪಕ್ಷೇತರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಕೊಟ್ಟರು, ಪೈಪೋಟಿ ಬಿಗಿಯಾಗಿರುವ ರಾಜ್ಯಗಳಲ್ಲಿ ನನ್ನ ಹೆಸರು ತೆಗೆಯಿರಿ ಎಂದರು. ಬೇಡಿಕೆ ಆ ರಾಜ್ಯದ ಚುನಾವಣಾ ಮಂಡಳಿಯ ಮುಂದೆ ಬರುವಷ್ಟರಲ್ಲಿ ಲಕ್ಷಾಂತರ ಮತಪತ್ರ ಅಚ್ಚಾಗಿತ್ತು. ಚುನಾವಣಾ ಮಂಡಳಿ ಆಗದು ಎಂದಿತು. ಪ್ರಕರಣ ಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 9ರಂದು ರಾಜ್ಯದ ಸುಪ್ರೀಂ ಕೋರ್ಟ್ ಹೆಸರು ತೆಗೆಯಿರಿ ಎಂದು ತೀರ್ಪಿತ್ತಿತು. ಅಷ್ಟರೊಳಗೆ ಅಚ್ಚಾಗಿದ್ದ 29 ಲಕ್ಷದಷ್ಟು ಮತಪತ್ರವೆಲ್ಲ ರದ್ದಿಗೆ. ಕೌಂಟಿಗೊಂದು (ನಮ್ಮ ಜಿಲ್ಲೆಯಂಥದ್ದು) ನಮೂನೆ, ವಾರ್ಡಿಗೊಂದು ನಮೂನೆ, ಎಲ್ಲವನ್ನೂ ಮತ್ತೆ ಹೊಂದಿಸಿ ಅಚ್ಚು ಹಾಕಿ, ರಾಜ್ಯದೊಳಗಿನವರಿಗೆ ಕಳಿಸಲು ಶುರುಮಾಡಿದ್ದು ಸೆಪ್ಟೆಂಬರ್ 24ಕ್ಕೆ. ನಿಮ್ಮ ಮಗಳು ಕಾದದ್ದು ಇದಕ್ಕೇ. ಮಿಷಿಗನ್, ವಿಸ್ಕಾನ್ಸಿನ್‌ನಲ್ಲಿ ಅದೇ ಕೆನಡಿ ಅದೇ ಬೇಡಿಕೆ ಇಟ್ಟರು, ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದರು. ಅಲ್ಲಿ ಹೆಸರು ಉಳಿದೇ ಉಳಿಯಿತು. ಗೆಲ್ಲುವ ಸಾಧ್ಯತೆಯೇ ಇಲ್ಲದ ಒಬ್ಬ ಪಕ್ಷೇತರರ ಒಂದು ಸಾಲನ್ನು ತೆಗೆಯಲು ಇಷ್ಟು ರಗಳೆ. ದೊಡ್ಡ ಪಕ್ಷದ ಅಭ್ಯರ್ಥಿಯ ಹೆಸರನ್ನು ಸೆಪ್ಟೆಂಬರ್ ಕೊನೆಗೆ ಐವತ್ತು ರಾಜ್ಯಗಳಲ್ಲಿ ಬದಲಾಯಿಸುವುದು ಹೇಗಿರಬಹುದು ಎಂದು ನೀವೇ ಊಹಿಸಿ.

ನಮ್ಮಲ್ಲಿ ಇದಕ್ಕೆ ಬೇರೆ ದಾರಿ ಇದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಮೇ 4ರಂದು ತೀರಿಕೊಂಡರು, ಮೇ 12ಕ್ಕೆ ಮತದಾನ. ಆ ಒಂದು ಕ್ಷೇತ್ರದ ಮತದಾನವನ್ನೇ ಮುಂದೂಡಿದರು. ಪಕ್ಷ ಅವರ ತಮ್ಮನನ್ನು ನಿಲ್ಲಿಸಿತು, ಜೂನ್ 11ಕ್ಕೆ ಮತದಾನ ನಡೆದು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಗೆದ್ದರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಹೀಗೆ ಮಾಡಬೇಕೆಂದು ನಮ್ಮ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲೇ ಇದೆ. ಅಮೆರಿಕದಲ್ಲಿ ಅಧ್ಯಕ್ಷ ಅಭ್ಯರ್ಥಿ ತೀರಿಕೊಂಡರೆಂದು ಚುನಾವಣೆ ಮುಂದೆ ಹೋಗುವುದಿಲ್ಲ. ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮಂಗಳವಾರ ಎಂದು 1845ರಿಂದ ಗಟ್ಟಿಯಾಗಿದೆ. ಅಂತರ್ಯುದ್ಧ ನಡೆಯುತ್ತಿದ್ದಾಗಲೂ ಅದು ಅಲುಗಲಿಲ್ಲ.

ಹಾಗಾದರೆ ಹಳೆಯ ಹೆಸರಿಗೆ ಬಿದ್ದ ಮತ ವ್ಯರ್ಥವೇ? ಇಲ್ಲ, ಮೇಷ್ಟ್ರೇ. ನಿಮ್ಮ ಮಗಳು ಗುರುತು ಹಾಕಿದ್ದು ಹ್ಯಾರಿಸ್ ಅಥವಾ ಟ್ರಂಪ್ ಹೆಸರಿನ ಪಕ್ಕದಲ್ಲಿ. ಕಾಯಿದೆ ಪ್ರಕಾರ ಆ ಮತ ಹೋದದ್ದು ಆ ಪಕ್ಷ ಮೊದಲೇ ಗೊತ್ತುಮಾಡಿದ ಎಲೆಕ್ಟರ್‌ಗಳಿಗೆ. ದೇಶಕ್ಕೆ ಒಟ್ಟು 538 ಜನ ಎಲೆಕ್ಟರ್‌ಗಳು, 270 ಬಂದರೆ ಗೆಲುವು. ನಿಜವಾದ ಮತದಾನ ಡಿಸೆಂಬರ್‌ನಲ್ಲಿ, ಆಯಾ ರಾಜ್ಯದ ರಾಜಧಾನಿಗಳಲ್ಲಿ ಇವರು ಸೇರಿ ಮಾಡುವುದು. ಅಕ್ಟೋಬರ್ 25ಕ್ಕೆ ಅಭ್ಯರ್ಥಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ಮತಪತ್ರದಲ್ಲಿ ಹೆಸರು ಹಾಗೇ ಇರುತ್ತದೆ, ಪಕ್ಷದ ಸಮಿತಿ ಹೊಸ ಹೆಸರು ಹೇಳುತ್ತದೆ, ಹಳೆಯ ಹೆಸರಿಗೆ ಬಿದ್ದ ಮತದಿಂದ ಗೆದ್ದ ಎಲೆಕ್ಟರ್‌ಗಳು ಡಿಸೆಂಬರ್‌ನಲ್ಲಿ ಹೊಸಬರಿಗೆ ಮತ ಹಾಕುತ್ತಾರೆ. ಅಷ್ಟೂ ಜನ ಕೇಳಿದ ಹಾಗೆ ನಡೆದರೆ.

ಇದಕ್ಕೆ ಹತ್ತಿರದ್ದು 1912ರಲ್ಲಿ ಆಗಿದೆ. ಅಧ್ಯಕ್ಷ ಟಾಫ್ಟ್ ಮರುಚುನಾವಣೆಗೆ ನಿಂತಿದ್ದರು. ಜೋಡಿಯಲ್ಲಿದ್ದ ಉಪಾಧ್ಯಕ್ಷ ಜೇಮ್ಸ್ ಶರ್ಮನ್ ಅಕ್ಟೋಬರ್ 30ಕ್ಕೆ ತೀರಿಕೊಂಡರು, ಚುನಾವಣೆಗೆ ಆರು ದಿನ. ಸತ್ತವರ ಹೆಸರಲ್ಲೇ ಮತ ನಡೆಯಿತು. ಆ ಜೋಡಿಗೆ ಸಿಕ್ಕಿದ್ದು ಯೂಟಾ, ವರ್ಮಾಂಟ್ ಎರಡೇ ರಾಜ್ಯ, 8 ಎಲೆಕ್ಟರ್‌ಗಳು. ಅವರು ಪಕ್ಷ ಹೇಳಿದ ಹಾಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೋಲಸ್ ಮರ್ರೆ ಬಟ್ಲರ್‌ಗೆ ಉಪಾಧ್ಯಕ್ಷ ಸ್ಥಾನದ ಮತ ಹಾಕಿದರು. ಸೋತ ಮನೆಯ ಲೆಕ್ಕಾಚಾರ ಆದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

1872ರಲ್ಲಿ ಆದದ್ದು ಇದಕ್ಕಿಂತ ದಾರುಣ. ಹೊರೇಸ್ ಗ್ರೀಲಿ ನ್ಯೂಯಾರ್ಕಿನ ಹೆಸರಾಂತ ಪತ್ರಿಕಾ ಸಂಪಾದಕ, ಅಧ್ಯಕ್ಷ ಗ್ರ್ಯಾಂಟ್ ವಿರುದ್ಧ ನಿಂತವರು. ಚುನಾವಣೆಗೆ ಆರು ದಿನ ಇರುವಾಗ ಹೆಂಡತಿ ತೀರಿಕೊಂಡರು. ನವೆಂಬರ್ 5ಕ್ಕೆ ಚುನಾವಣೆ, ಹೀನಾಯ ಸೋಲು. ನವೆಂಬರ್ 29ಕ್ಕೆ ಅವರೂ ಹೋದರು. ಅವರ ಪಾಲಿಗೆ ಬಂದಿದ್ದ 66 ಎಲೆಕ್ಟರ್‌ಗಳು ಡಿಸೆಂಬರ್ 4ಕ್ಕೆ ಮತ ಹಾಕಬೇಕು, ಯಾರಿಗೆ ಎಂದು ಹೇಳುವವರಿಲ್ಲ. ದಿಕ್ಕಾಪಾಲಾದರು. 42 ಮತ ಥಾಮಸ್ ಹೆಂಡ್ರಿಕ್ಸ್‌ಗೆ, 18 ಗ್ರೀಲಿಯ ಜೋಡಿ ಅಭ್ಯರ್ಥಿ ಗ್ರಾಟ್ಜ್ ಬ್ರೌನ್‌ಗೆ, ಇನ್ನು ಮೂರು ಬೇರೆ ಇಬ್ಬರಿಗೆ. ಗಮನಿಸಿ, ಜೋಡಿಯಲ್ಲಿ ಉಳಿದವರಿಗೆ ಮೂರನೇ ಒಂದು ಭಾಗವೂ ಬರಲಿಲ್ಲ. ಜಾರ್ಜಿಯಾದ ಮೂವರು ಮಾತ್ರ ಕೊಟ್ಟ ಮಾತಿಗೆ ತಪ್ಪದೆ ಸತ್ತ ಗ್ರೀಲಿಗೇ ಹಾಕಿದರು. ಆ ಮೂರನ್ನೂ ಸಂಸತ್ತು ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಇವತ್ತು ಎಲೆಕ್ಟರ್‌ಗಳು ಆಗಿನಷ್ಟು ಸ್ವತಂತ್ರರಲ್ಲ. ಅವರು ಕೊಟ್ಟ ಮಾತಿಗೆ ತಪ್ಪಿದರೆ ರಾಜ್ಯಗಳು ದಂಡ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದೇ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ, ತೀರಿಕೊಂಡ ಅಭ್ಯರ್ಥಿಗೇ ಮತ ಹಾಕಿ ಎಂದು ರಾಜ್ಯಗಳು ಕಟ್ಟಿಹಾಕಬಹುದು ಎಂದು ಇದರ ಅರ್ಥ ಮಾಡಬೇಡಿ ಎಂದೂ ಬರೆದಿದೆ. ಕ್ಯಾಲಿಫೋರ್ನಿಯಾದ ಕಾಯಿದೆ ಇನ್ನೂ ಚೊಕ್ಕ: ‘ಇಬ್ಬರೂ ಅಭ್ಯರ್ಥಿಗಳು ಬದುಕಿದ್ದರೆ’ ಎಲೆಕ್ಟರ್‌ಗಳು ಅವರಿಗೇ ಹಾಕಬೇಕು. ಎಲ್ಲ ರಾಜ್ಯಗಳ ಕಾಯಿದೆ ಇಷ್ಟು ಮುಂದಾಲೋಚನೆ ಮಾಡಿಲ್ಲ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯ ತೂತು ಇರುವುದು ಇಲ್ಲೇ, ನವೆಂಬರ್‌ನ ಆ ಮಂಗಳವಾರದಿಂದ ಡಿಸೆಂಬರ್‌ನ ಎಲೆಕ್ಟರ್‌ಗಳ ಸಭೆಯವರೆಗಿನ ಐದಾರು ವಾರಗಳಲ್ಲಿ. ಗೆದ್ದವರೇ ಆ ಅವಧಿಯಲ್ಲಿ ತೀರಿಕೊಂಡರೆ ಪಕ್ಷದ ಸಮಿತಿಯ ಮಾತು, ರಾಜ್ಯದ ಕಾಯಿದೆ, ಎಲೆಕ್ಟರ್‌ನ ಮನಸ್ಸು ಮೂರೂ ಮೂರು ದಿಕ್ಕಿಗೆ ಎಳೆಯಬಹುದು. ಎಲೆಕ್ಟರ್‌ಗಳು ಮತ ಹಾಕಿ ಸಂಸತ್ತಿನಲ್ಲಿ ಎಣಿಕೆಯೂ ಮುಗಿದ ಮೇಲೆ ಗೊಂದಲವಿಲ್ಲ. 1933ರಲ್ಲಿ ಜಾರಿಗೆ ಬಂದ 20ನೇ ತಿದ್ದುಪಡಿಯ ಪ್ರಕಾರ ಚುನಾಯಿತ ಅಧ್ಯಕ್ಷರು ಪ್ರಮಾಣವಚನಕ್ಕೆ ಮುಂಚೆ ತೀರಿಕೊಂಡರೆ ಚುನಾಯಿತ ಉಪಾಧ್ಯಕ್ಷರೇ ಅಧ್ಯಕ್ಷರು. ನೀವು ಕೇಳಿದ ‘ತಾನಾಗಿಯೇ’ ಎಂಬ ಮಾತು ಚುನಾವಣೆಯ ಈ ಇಡೀ ಹಾದಿಯಲ್ಲಿ ನಿಜವಾಗುವುದು ಅಲ್ಲಿ ಮಾತ್ರ.

ಇದನ್ನೆಲ್ಲ ಓದಿ ನಿಮ್ಮ ಮಗಳು 2028ರಲ್ಲಿ ಮತಪತ್ರ ಕೈಗೆ ಬಂದರೂ ಕೊನೆಯವರೆಗೆ ಕಾಯೋಣ, ಯಾರಿಗೆ ಏನಾಗುತ್ತದೋ ಎಂದುಕೊಂಡರೆ, ಬೇಡ ಎಂದು ಹೇಳಿ. ಹೆಸರು ಬದಲಾದರೂ ಮತ ಪಕ್ಷದ ಎಲೆಕ್ಟರ್‌ಗಳಿಗೆ ಸಲ್ಲುತ್ತದೆ. ಅವರ ರಾಜ್ಯದಲ್ಲಿ ಅಂಚೆ ಮತಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಇಲ್ಲವೇ ಒಬ್ಬ ನೋಟರಿಯದ್ದು. ಜೊತೆಗೆ ಫೋಟೋ ಇರುವ ಗುರುತಿನ ಚೀಟಿಯ ನಕಲು. ಪಕ್ಕದ ಮನೆಯವರು ಊರಲ್ಲಿರುವಾಗಲೇ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. 2024ರಲ್ಲಿದ್ದ ನಿಯಮದ ಪ್ರಕಾರ ಲಕೋಟೆ ಚುನಾವಣೆಯ ದಿನ ಸಂಜೆ 7.30ರೊಳಗೆ ಕೌಂಟಿ ಕಚೇರಿಗೆ ಮುಟ್ಟಬೇಕಿತ್ತು. ಅಂದಿನ ಅಂಚೆ ಮುದ್ರೆ ಇದ್ದು ಮರುದಿನ ಮುಟ್ಟಿದ್ದನ್ನೂ ಎಣಿಸಲಿಲ್ಲ.